ಹಾಲು ಮಾತ್ರ

ಜೂನ್ ೧೨, ಭಾನುವಾರ

ಬೆಳಗಿನ ಬೋಗುಣಿ ಇವತ್ತೂ ಅರ್ಧಕ್ಕೇ ನಿಂತಿತು. ಒಂಟೆ ಹಾಲು, ನೊರೆ ಕೂಡ ಆರಿರಲಿಲ್ಲ. ತೆಸ್ಲೆಮ್ ಎರಡು ಗುಟುಕು ಕುಡಿದು ಸೆರಗನ್ನು ಬಾಯಿಗೊತ್ತಿಕೊಂಡಳು. ತೊಡೆಯ ಮೇಲೆ ಪುಸ್ತಕ. ಕಣ್ಣು ಅದರಲ್ಲೇ.

“ಗಂಟಲಲ್ಲಿ ಇಳಿಯಲ್ಲ ಅಜ್ಜಿ. ಪರೀಕ್ಷೆ ಒಂದು ಮುಗೀಲಿ, ಬೋಗುಣಿ ಸಮೇತ ನುಂಗ್ತೀನಿ.”

“ಪರೀಕ್ಷೆ ತಲೆಗೆ, ಹಾಲು ಹೊಟ್ಟೆಗೆ. ಎರಡಕ್ಕೂ ದಾರಿ ಬೇರೆ” ಅಂದೆ.

ಮತ್ತೆ ಬಾಯಿಗಿಟ್ಟೆ. ಕುಡಿದಳು. ಹತ್ತು ನಿಮಿಷಕ್ಕೆ ಅಂಗಳದ ಮೂಲೆಯಲ್ಲಿ ಕಕ್ಕಿದಳು. ಹತ್ತೊಂಬತ್ತು ವರ್ಷದ ಮೊಮ್ಮಗಳು, ಮಣಿಕಟ್ಟು ನನ್ನ ಎರಡು ಬೆರಳಿನ ಸುತ್ತಿಗೆ ಸಿಗುತ್ತದೆ. ಶಾಲೆ ಮುಗಿಸುವ ಬ್ಯಾಕ್ ಪರೀಕ್ಷೆಗೆ ಹದಿನೈದು ದಿನ. ಮದುವೆ ಸೆಪ್ಟೆಂಬರ್ ಕೊನೆಗೆ. ಅವಳಪ್ಪ, ನನ್ನ ಮಗ ಹಮ್ಮೂದ್, ಝ್ವೇರಾತ್ ಗಣಿಯಲ್ಲಿ. ತಿಂಗಳಿಗೊಮ್ಮೆ ಬರುತ್ತಾನೆ. ಸೊಸೆ ಆಯ್ಷೆತುವಿಗೆ ಮಗಳ ಮುಂದೆ ದನಿಯೇ ಏಳುವುದಿಲ್ಲ. ಈ ಮನೆಯ ಹುಡುಗಿಯರಿಗೆ ಮೈ ತುಂಬಿಸಿ ಗಂಡನ ಮನೆಗೆ ಕಳಿಸುವ ಕೆಲಸ ನನ್ನದು. ನಾಲ್ವರನ್ನು ಕಳಿಸಿದ್ದೇನೆ. ಮರಳುಸೀಮೆಯ ಈ ಅತಾರ್ ಊರಿನಲ್ಲಿ ಇದುವರೆಗೆ ಯಾರೂ ಬೆರಳೆತ್ತಿಲ್ಲ.

ಜೂನ್ ೧೫, ಬುಧವಾರ

ಗಂಡಿನ ಕಡೆಯ ಹೆಂಗಸರು ಬಂದಿದ್ದರು. ಹುಡುಗನ ಸೋದರತ್ತೆ ಲಾಲಾ ಮುಂದೆ. ಕೂತ ಚಾಪೆ ಕಾಣದಷ್ಟು ಮೈ, ಅದರಷ್ಟೇ ನಾಲಿಗೆ. ತೆಸ್ಲೆಮ್ ಟೀ ಕೊಟ್ಟಾಗ ಅವಳ ತೋಳನ್ನು ಚಿವುಟಿ ನೋಡಿದಳು.

“ಏನಮ್ಮಾ, ನಮ್ಮ ಸಾಲೆಕ್‌ಗೆ ಹೆಣ್ಣು ಕೊಡ್ತೀರೋ, ಗುಡಾರದ ಗೂಟ ಕೊಡ್ತೀರೋ?”

ನಕ್ಕರು. ನನ್ನ ಮನೆಯಲ್ಲಿ, ನನ್ನ ಚಾಪೆಯ ಮೇಲೆ ಕೂತು.

“ಸೆಪ್ಟೆಂಬರಿಗೆ ಬನ್ನಿ ಲಾಲಾ. ನಿಮ್ಮ ಒಂಟೆ ಇವಳನ್ನ ಹೊತ್ಕೊಂಡು ಎದ್ದರೆ ಆಮೇಲೆ ಮಾತಾಡೋಣ.”

“ಮೂರೇ ತಿಂಗಳಲ್ಲಾ? ಏನು, ಈಗಿನವರ ಹಾಗೆ ಗುಳಿಗೆನಾ?”

“ನಮ್ಮ ಮನೇಲಿ ಹಾಲು ಮಾತ್ರ. ಅದು ಊರಿಗೇ ಗೊತ್ತು.”

ಊರಿಗೆ ಗೊತ್ತಿರುವುದು ನಿಜ. ನಾನೇ ಹೇಳಿಕೊಂಡು ಬಂದಿದ್ದೇನೆ. ನನ್ನ ತಂಗಿಯ ಮಗಳು ದಪ್ಪವಾಗಲು ಗುಳಿಗೆ ನುಂಗುತ್ತಾಳೆಂದು ತಿಳಿದಾಗ ಅವಳ ಮದುವೆಗೇ ಹೋಗಲಿಲ್ಲ. ತಂಗಿ ಬಾಗಿಲಿಗೆ ಬಂದು ಅತ್ತಳು. ಒಳಗೆ ಕರೆಯಲಿಲ್ಲ.

ಅವರು ಹೋದ ಮೇಲೆ ತೆಸ್ಲೆಮ್ ಏನೂ ಆಗಿಲ್ಲವೆಂಬಂತೆ ಪುಸ್ತಕ ತೆರೆದಳು. ಸಾಲೆಕ್‌ಗೆ ಇದೆಲ್ಲ ಬೇಕಿಲ್ಲವಂತೆ, ಹೀಗೇ ಇರು ಅಂದನಂತೆ. ಅವನಿಗೆ ಬೇಡದಿದ್ದರೆ ಏನು, ಮಾತು ಕೊಟ್ಟವಳು ನಾನು.

ಜೂನ್ ೧೯, ಭಾನುವಾರ

ಸಂತೆಯ ಆಚೆ ತುದಿಗೆ ಹೋದೆ. ಆಯ್ಷೆತುವಿನ ಹಳೆಯ ಕಪ್ಪು ಮಲ್ಹಫಾ ಹೊದ್ದು, ಮೂಗಿನವರೆಗೆ ಎಳೆದುಕೊಂಡು. ಮೊಣಕಾಲು ನೋವು. ಟ್ಯಾಕ್ಸಿ ಹತ್ತಲಿಲ್ಲ, ಚಾಲಕರಿಗೆಲ್ಲ ನನ್ನ ಪರಿಚಯ. ಕುರಿ ಮೇವಿನ ಅಂಗಡಿ. ಕುರಿ ಕೊಬ್ಬಿಸುವ ಆ ಗುಳಿಗೆ ಅಲ್ಲಿ ಸಿಗುತ್ತದೆಂದು ಎಲ್ಲರಿಗೂ ಗೊತ್ತು, ಯಾರೂ ಬಾಯಿ ಬಿಡುವುದಿಲ್ಲ.

ಅಂಗಡಿಯವಳು ಕಣ್ಣೆತ್ತದೆ ಕೇಳಿದಳು. “ಕುರಿಗೋ, ಹುಡುಗಿಗೋ?”

“ಕುರಿಗೆ.”

“ಕುರಿಗಾದರೆ ದಿನಕ್ಕೆ ಎರಡು. ಮದುವೆ ಕುರಿಯಾದರೆ ಮೂರು.”

ಪಕ್ಕದಲ್ಲಿ ನಿಂತವನು ಕಿಸಕ್ಕನೆ ನಕ್ಕ. ಅರವತ್ತನಾಲ್ಕು ವರ್ಷದಲ್ಲಿ ನನ್ನ ಮುಂದೆ ಯಾರೂ ಹಾಗೆ ನಕ್ಕಿರಲಿಲ್ಲ. ಸೆರಗಿನೊಳಗೆ ನಾನೆಂದು ಅವನಿಗೆ ತಿಳಿಯದಿದ್ದದ್ದು ಒಳ್ಳೆಯದಾಯಿತು.

ಜೂನ್ ೨೨, ಬುಧವಾರ

ಬರೆಯಬಾರದು. ಆದರೂ.

ಚಮಚದ ಬೆನ್ನಿನಿಂದ ಅರೆಯುತ್ತೇನೆ. ಹುಳಿ ಹಾಲು, ನೀರು, ಸಕ್ಕರೆ ಕಲಸಿದ ಪಾನಕದಲ್ಲಿ ಕಹಿ ತಿಳಿಯುವುದಿಲ್ಲ. ಮೂರು ದಿನವಾಯಿತು. ಅವಳಿಗೆ ಹೇಳಿಲ್ಲ. ಹೇಳಿದರೆ ಕುಡಿಯುವುದಿಲ್ಲ. ಅವಳ ವಿಜ್ಞಾನದ ಪುಸ್ತಕದಲ್ಲಿ ಏನೇನೋ ಇದೆ. ಆಯ್ಷೆತುವಿಗೂ ಹೇಳಿಲ್ಲ.

ಮದುವೆಯವರೆಗೆ ಮಾತ್ರ.

ಜುಲೈ ೧, ಶುಕ್ರವಾರ

ನಿನ್ನೆ ಪರೀಕ್ಷೆ ಮುಗಿಯಿತು. ಇವತ್ತು ಕುಸ್ಕುಸ್ ಎರಡು ಸಲ ಹಾಕಿಸಿಕೊಂಡಳು. ಮಾಂಸ ಎಲುಬಿನಿಂದ ಬಿಡಿಸಿ ಬಿಡಿಸಿ ತಿಂದಳು. ಆಯ್ಷೆತು ಕಣ್ಣರಳಿಸಿ, “ನಿಮ್ಮ ಕೈಯ ಹಾಲಿಗೆ ಬರ್ಕತ್ ಇದೆ ಅತ್ತೆ” ಅಂದಳು.

ಅಲ್ಲ ಎನ್ನಲಿಲ್ಲ. ಹೊಗಳಿಕೆಯನ್ನು ತೆಗೆದುಕೊಂಡೆ, ನನ್ನದೇ ಎಂಬಂತೆ.

ಜುಲೈ ೯, ಶನಿವಾರ. ಬಕ್ರೀದ್

ಹಮ್ಮೂದ್ ಬಂದಿದ್ದಾನೆ. ಮಗಳನ್ನು ನೋಡಿ ಖುಷಿ. ಮುಖ ತುಂಬಿದೆ. ನಮಾಜ್ ಮುಗಿಸಿ ಬಂದು ನನ್ನ ಪಕ್ಕ ಕೂತು ಮೆಲ್ಲಗೆ ಕೇಳಿದ.

“ಅಮ್ಮಾ, ಕೋಲು ಗೀಲು ಹಿಡಿದಿಲ್ಲ ತಾನೆ?”

“ನಿನ್ನ ತಂಗಿಯರಿಗೇ ಹಿಡಿಯದವಳು ಇವಳಿಗೆ ಹಿಡೀತೀನಾ?”

“ಸುಮ್ನೆ ಕೇಳಿದೆ. ಸಿಟ್ಟಾಗಬೇಡ.”

ನನಗೆ ಎಂಟು ವರ್ಷವಾದಾಗ ಕಾಲ್ಬೆರಳನ್ನು ಎರಡು ಕೋಲಿನ ನಡುವೆ ಇಟ್ಟು ಅದುಮುತ್ತಿದ್ದರು. ಕೂಗಲು ಬಾಯಿ ತೆರೆದರೆ ಹಾಲು ಒಳಗೆ. ನನ್ನ ಹೆಣ್ಣುಮಕ್ಕಳ ಕಾಲಕ್ಕೆ ಆ ಕೋಲನ್ನು ಒಲೆಗೆ ಹಾಕಿದೆ. ಶಾಲೆ ಕಲಿತವಳು ನಾನು, ಕಾಡು ಪದ್ಧತಿ ನನ್ನ ಮನೆಯಲ್ಲಿ ಬೇಡ ಅಂದೆ. ಮಗನಿಗೆ ಅದೇ ನೆನಪು, ಅದೇ ಹೆಮ್ಮೆ.

ಜುಲೈ ೧೮, ಸೋಮವಾರ

ಸಕ್ಕರೆ ಡಬ್ಬಿ ಖಾಲಿ. ಮೂರು ದಿನದಲ್ಲಿ. ಕೇಳಿದರೆ ತೆಸ್ಲೆಮ್ ತಾನಲ್ಲ ಅಂದಳು. ತುಟಿಯ ಅಂಚಿನಲ್ಲಿ ಹರಳು ಅಂಟಿತ್ತು.

ನಿದ್ದೆಯೂ ಇಲ್ಲವಂತೆ. ಬೆಳಿಗ್ಗೆ ಕಣ್ಣು ಕೆಂಪು. ತಾಯಿ ಚಹಾ ಲೋಟ ಎತ್ತಿಡು ಅಂದದ್ದಕ್ಕೆ ಲೋಟವನ್ನು ಗೋಡೆಗೆ ಎಸೆದಳು. ಈ ಹುಡುಗಿ ಮೇಕೆಮರಿಗೂ ಗದರಿದವಳಲ್ಲ. ಚೂರು ಆರಿಸುತ್ತ ತಾನೇ ಅತ್ತಳು.

ಮದುವೆ ಹತ್ತಿರ ಬಂದಾಗ ಹುಡುಗಿಯರು ಹೀಗೇ ಎಂದು ಆಯ್ಷೆತುವಿಗೆ ಹೇಳಿದೆ.

ಜುಲೈ ೨೮, ಗುರುವಾರ

ಪಾಸಾದಳು. ಮನೆತನದಲ್ಲಿ ಬ್ಯಾಕ್ ದಾಟಿದ ಮೊದಲ ಹೆಣ್ಣು. ನನ್ನನ್ನು ಆ ಪರೀಕ್ಷೆಗೆ ಒಂದು ವರ್ಷ ಮೊದಲೇ ಬಿಡಿಸಿ ಮದುವೆ ಮಾಡಿದ್ದರು. ಫೋನಿನಲ್ಲಿ ತನ್ನ ಹೆಸರು ನೋಡಿ ನಗಲಿಲ್ಲ ಅವಳು. ಅಡುಗೆಮನೆಗೆ ಹೋಗಿ ನಿಂತುಕೊಂಡೇ ಬ್ರೆಡ್ ತಿಂದಳು. ಒಂದಾದ ಮೇಲೊಂದು. ಅಳುತ್ತ ತಿನ್ನುತ್ತಿದ್ದಳು.

ನಾನು ಬಾಗಿಲಲ್ಲಿ ನಿಂತು ನೋಡಿದೆ. ಒಳಗೆ ಹೋಗಲಿಲ್ಲ.

ಆಗಸ್ಟ್ ೫, ಶುಕ್ರವಾರ

ಖರ್ಜೂರದ ಕಾಲ, ಮನೆ ತುಂಬ ನೆಂಟರು. ಮಧ್ಯಾಹ್ನದ ಟೀಗೆ ಹನ್ನೆರಡು ಹೆಂಗಸರು. ಎರಡನೇ ಲೋಟ ಸುರಿಯುತ್ತಿದ್ದಾಗ ಗೊತ್ತಾಯಿತು, ನೆಂಟರಿಗೆಂದು ಮುಚ್ಚಿಟ್ಟ ಕುರಿಮಾಂಸದ ಪಾತ್ರೆ ಬರಿದು. ತೆಸ್ಲೆಮ್‌ಳ ಕೈಯಲ್ಲಿ ಇನ್ನೂ ಜಿಡ್ಡು.

ಎಲ್ಲರ ಮುಂದೆ ಕರೆದೆ. ನಡುವೆ ನಿಲ್ಲಿಸಿದೆ.

“ಹೊಟ್ಟೆಬಾಕಿ! ನೆಂಟರ ತುತ್ತು ಕದ್ದು ತಿಂತೀಯಲ್ಲ, ನಾಚಿಕೆ ಆಗಲ್ವಾ? ಕೈ ತೋರಿಸು ಎಲ್ಲರಿಗೂ.”

ತೋರಿಸಿದಳು. ಎರಡೂ ಕೈ. ಯಾರೋ ಒಬ್ಬಳು ನಕ್ಕಳು. “ಇರಲಿ ಬಿಡಿ, ತುಂಬಿಸಿದವರು ನೀವೇ, ಈಗ ಮುಚ್ಚಳ ಹುಡುಕಿದರೆ?” ಅಂದಳು ಇನ್ನೊಬ್ಬಳು.

ಆ ಹಸಿವನ್ನು ಬೆಳಿಗ್ಗೆ ಚಮಚದ ಬೆನ್ನಿನಲ್ಲಿ ಅರೆದು ಕೊಟ್ಟವಳು ನಾನು. ಅದೇ ಹಸಿವಿಗೆ ಅವಳನ್ನು ನಿಲ್ಲಿಸಿ ಬೈದವಳೂ ನಾನು. ಯಾಕೆ ಬೈದೆ? ನೆಂಟರ ಮುಂದೆ ಪಾತ್ರೆ ಖಾಲಿಯಿತ್ತು. ಅಷ್ಟೇ. ಆ ಹೊತ್ತಿಗೆ ಗುಳಿಗೆಯ ನೆನಪೂ ಬರಲಿಲ್ಲ. ಬಂದಿದ್ದರೆ ಸುಮ್ಮನಿರುತ್ತಿದ್ದೆನೇ? ಗೊತ್ತಿಲ್ಲ.

ಆಗಸ್ಟ್ ೧೪, ಭಾನುವಾರ

ಇಳಿಹೊತ್ತಿನ ಅಸ್ರ್ ನಮಾಜ್ ಆದ ಮೇಲೆ ನನ್ನ ಬಳಿ ಬಂದು ಕೂತಳು. ಗಟ್ಟಿಯಾಗಿ ಮಾತಾಡುವುದನ್ನೇ ಬಿಟ್ಟಿದ್ದಾಳೆ.

“ಅಜ್ಜಿ, ನನಗೇನೋ ಆಗಿದೆ. ಹೊಟ್ಟೆ ಬಿರಿಯೋ ಹಾಗಿದ್ರೂ ಹಸಿವು ನಿಲ್ಲಲ್ಲ. ನನ್ನೊಳಗೆ ಬೇರೆ ಯಾರೋ ಕೂತು ತಿಂತಿದಾರೆ. ಸಿಡುಕೋಳೂ ಅವಳೇ. ನಾನಲ್ಲ.”

ಕಾಲು ತೋರಿಸಿದಳು. ಮೈಯೆಲ್ಲ ಊದಿದೆ, ಕಾಲು ಮಾತ್ರ ಬಡಕಲು. ಮೆಟ್ಟಿಲು ಹತ್ತಲು ಗೋಡೆ ಹಿಡಿಯುತ್ತಾಳೆ. ಗಲ್ಲದ ಮೇಲೆ ಕೂದಲು.

ಅಲ್ಲೇ ಹೇಳಬಹುದಿತ್ತು. ನಾವಿಬ್ಬರೇ ಇದ್ದೆವು.

“ತಪ್ಪನ್ನ ಜಿನ್ನ್ ದೆವ್ವದ ಮೇಲೆ ಹಾಕಬೇಡ. ನಾಲಿಗೆ ಹಿಡಿತದಲ್ಲಿಟ್ಟುಕೊಂಡರೆ ಎಲ್ಲಾ ಸರಿಹೋಗುತ್ತೆ” ಅಂದೆ.

ತಲೆಯಾಡಿಸಿ ಎದ್ದು ಹೋದಳು. ಆಯ್ಷೆತು ಸಂಜೆ ಅವಳನ್ನು ತಾಯತ ಕಟ್ಟುವವನ ಹತ್ತಿರ ಕರೆದೊಯ್ದಳು. ಹೋಗಿ ಬನ್ನಿ ಎಂದವಳು ನಾನೇ. ಈಗ ಅವಳ ಕೊರಳಲ್ಲಿ ಚರ್ಮದ ತಾಯತ. ದಿನಕ್ಕೆ ಹತ್ತು ಸಲ ಅದನ್ನು ಮುಟ್ಟಿಕೊಳ್ಳುತ್ತಾಳೆ.

ಕೋಲೇ ವಾಸಿಯಿತ್ತು. ನೋಯಿಸುತ್ತಿರುವವರು ಯಾರೆಂದು ನನಗಾದರೂ ಕಾಣುತ್ತಿತ್ತು.

ಆಗಸ್ಟ್ ೨೧, ಭಾನುವಾರ

ಮದುವೆಗೆ ಮದರಂಗಿ ಹಚ್ಚುವವಳು ಕೈಕಾಲಿನ ಅಳತೆ ನೋಡಲು ಬಂದಿದ್ದಳು. ತೆಸ್ಲೆಮ್‌ಳ ಸೆರಗು ಸರಿದ ಹೊಟ್ಟೆಯ ಮೇಲೆ ನೇರಳೆ ಬಣ್ಣದ ಗೀರು, ಬೆರಳಷ್ಟು ಅಗಲ. ನೋಡಿದಳು, ಬಟ್ಟೆ ಮುಚ್ಚಿದಳು. ಹೊರಡುವಾಗ ಬಾಗಿಲಲ್ಲಿ ನನ್ನ ಕಿವಿಗೆ ಬಾಯಿಟ್ಟಳು.

“ದೊಡ್ಡಮ್ಮಾ, ಈ ಗೀರು ಹಾಲಿಂದು ಅಲ್ಲ. ಇಂಥ ಮುಖ ನಾನು ಬೇಕಾದಷ್ಟು ನೋಡಿದೀನಿ. ಹುಡುಗಿ ನಿಮಗೆ ಗೊತ್ತಿಲ್ಲದ ಹಾಗೆ ಗುಳಿಗೆ ತಗೋತಿದಾಳೆ, ಸ್ವಲ್ಪ ನೋಡಿಕೊಳ್ಳಿ.”

ಹುಡುಗಿಯ ಮೇಲೆಯೇ ಅನುಮಾನ. ನನ್ನ ಮೇಲೆ ಹೇಗೆ ಬರಬೇಕು?

“ನೋಡ್ತೀನಿ” ಅಂದೆ.

ಆಗಸ್ಟ್ ೨೨, ಸೋಮವಾರ

ನಿಲ್ಲಿಸಿದೆ. ಉಳಿದ ಗುಳಿಗೆಯನ್ನೆಲ್ಲ ಪಾಯಿಖಾನೆಗೆ ಸುರಿದು ನೀರು ಹಾಕಿದೆ. ಗುಳಿಗೆಯಿದ್ದ ತಗಡಿನ ಹಾಳೆಯಷ್ಟೇ ಉಳಿಯಿತು, ಅದನ್ನು ನನ್ನ ಪೆಟ್ಟಿಗೆಯ ತಳಕ್ಕೆ ಹಾಕಿದೆ.

ಅವಳ ಮೇಲಿನ ಮರುಕದಿಂದ ನಿಲ್ಲಿಸಿದೆ ಎಂದು ಬರೆದಿದ್ದೆ. ಈಗ ಗೀಟು ಹಾಕಿದ್ದೇನೆ. ಮದರಂಗಿಯವಳ ಬಾಯಿಗೆ ಹೆದರಿ ನಿಲ್ಲಿಸಿದೆ.

ಆದರೂ ಒಳ್ಳೆಯದೇ ಆಯಿತಲ್ಲ. ವಿಷ ನಿಂತರೆ ಮೈ ತಾನೇ ಸರಿಯಾಗುತ್ತದೆ.

ಆಗಸ್ಟ್ ೨೭, ಶನಿವಾರ

ಸರಿಯಾಗುತ್ತಿಲ್ಲ. ಮೂರು ದಿನದಿಂದ ಏಳುತ್ತಿಲ್ಲ. ತಟ್ಟೆ ಮುಂದಿಟ್ಟರೆ ಮುಖ ತಿರುಗಿಸುತ್ತಾಳೆ. ನಿನ್ನೆಯಿಂದ ವಾಂತಿ. ಪಕ್ಕದ ಮನೆ ಮಕ್ಕಳಿಗೆ ಜ್ವರವಿದೆ, ಅದೇ ಇರಬೇಕು.

“ತಾಯತ ಕೆಲಸ ಮಾಡ್ತು ಅತ್ತೆ, ತಿನ್ನೋದು ನಿಂತಿತು” ಅಂದಳು ಆಯ್ಷೆತು. ನಗುತ್ತ ಹೇಳಿದಳೋ ಅಳುತ್ತಲೋ ತಿಳಿಯಲಿಲ್ಲ.

ಆಗಸ್ಟ್ ೨೯, ಸೋಮವಾರ. ಬೆಳಿಗ್ಗೆ ೧೧, ಆಸ್ಪತ್ರೆ

ತೆಸ್ಲೆಮ್ ಶಾಲೆಯ ಹಳೇ ಪುಸ್ತಕದ ಹಿಂದಿನ ಹಾಳೆಯಲ್ಲಿ ಬರೆಯುತ್ತಿದ್ದೇನೆ. ಕೈಗೆ ಕೆಲಸ ಬೇಕು.

ಬೆಳಿಗ್ಗೆ ಅಂಗಳದಲ್ಲಿ ಬಿದ್ದಳು. ಮೈ ತಣ್ಣಗೆ, ಬೆವರು. ಕರೆದರೆ ಕಣ್ಣು ಅರ್ಧ ತೆರೆಯುತ್ತಿದ್ದಳು. ಪಕ್ಕದವರ ಕಾರಿನಲ್ಲಿ ತಂದೆವು. ಬಿಪಿ ಸಿಗುತ್ತಿಲ್ಲವಂತೆ. ಸಕ್ಕರೆ ತೀರ ಕೆಳಗಂತೆ. ಡ್ರಿಪ್ ಹಾಕಿದರು. ಡಾಕ್ಟರ್ ಕುಂಬಾ — ದಕ್ಷಿಣದ ನದೀ ಸೀಮೆಯ ಹೆಣ್ಣು, ಮೂವತ್ತು ದಾಟಿಲ್ಲ — ತೆಸ್ಲೆಮ್‌ಳ ಮುಖವನ್ನು ಬೆಳಕಿಗೆ ತಿರುಗಿಸಿ ನೋಡಿದಳು. ಹೊಟ್ಟೆಯ ಗೀರು ನೋಡಿದಳು. ಆಮೇಲೆ ನಮ್ಮ ಕಡೆ ತಿರುಗಿದಳು.

“ಯಾವುದಾದ್ರೂ ಗುಳಿಗೆ ತಗೋತಿದ್ದಳಾ? ದಪ್ಪ ಆಗೋಕೆ?”

ಆಯ್ಷೆತು ನನ್ನ ಉತ್ತರಕ್ಕೇ ಕಾಯಲಿಲ್ಲ. “ನಮ್ಮನೇಲಾ? ಗುಳಿಗೆ ಹೆಸರೆತ್ತಿದವರನ್ನ ನಮ್ಮತ್ತೆ ಹೊಸ್ತಿಲು ದಾಟಿಸಲ್ಲ ಡಾಕ್ಟ್ರೇ. ಬೇಕಾದ್ರೆ ಅವರನ್ನೇ ಕೇಳಿ.”

ಕೇಳಿದಳು. ನೇರ ನನ್ನ ಕಣ್ಣಿಗೆ ಕಣ್ಣಿಟ್ಟು.

“ಹಾಲು ಮಾತ್ರ” ಅಂದೆ.

ಮಧ್ಯಾಹ್ನ ೧೨.೨೦

ಎರಡನೇ ಬಾಟಲಿ. ಬಿಪಿ ಏರುತ್ತಿಲ್ಲ. ನರ್ಸ್ ಓಡಾಡುತ್ತಿದ್ದಾಳೆ. ಆಯ್ಷೆತು ಗೋಡೆಗೆ ಹಣೆ ಹಚ್ಚಿ ನಿಂತಿದ್ದಾಳೆ. ಹಮ್ಮೂದ್ ಗಣಿಯಿಂದ ಹೊರಟಿದ್ದಾನಂತೆ. ಫೋನಿನಲ್ಲಿ ಒಂದೇ ಮಾತು, “ಅಮ್ಮಾ, ನೀನಿದ್ದೀಯಲ್ಲ, ನನಗೆ ಭಯ ಇಲ್ಲ.”

ಅವಳ ಪಾದ ಮುಟ್ಟಿದೆ. ಕಲ್ಲಿನ ಹಾಗೆ.

ಎದ್ದು ಹೋಗುತ್ತಿದ್ದೇನೆ.

ಸಂಜೆ ೫

ಡಾಕ್ಟರಿಗೆ ಹೇಳಿದೆ. ಅವಳ ಕೋಣೆಯಲ್ಲಿ, ಬಾಗಿಲು ಹಾಕಿಸಿ. ಎಷ್ಟು ಗುಳಿಗೆ, ಎಷ್ಟು ದಿನ, ಯಾವತ್ತು ನಿಲ್ಲಿಸಿದೆ, ಎಲ್ಲ. ನಾನು ಮುಗಿಸುವ ಮೊದಲೇ ಎದ್ದು ಓಡಿದಳು. ಒಂದು ಇಂಜೆಕ್ಷನ್. ಒಂದೂವರೆ ಗಂಟೆಗೆ ತೆಸ್ಲೆಮ್ ನೀರು ಕೇಳಿದಳು.

ಆಮೇಲೆ ಡಾಕ್ಟರ್ ನನ್ನನ್ನು ಮತ್ತೆ ಕೂರಿಸಿಕೊಂಡಳು. ಬೈಯಲಿಲ್ಲ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

“ಮೂತ್ರಪಿಂಡದ ಮೇಲೆ ಒಂದೊಂದು ಖರ್ಜೂರದಷ್ಟು ಗ್ರಂಥಿ ಇರುತ್ತೆ ಅಜ್ಜಿ. ಭಯ ಆದಾಗ, ಕಾಯಿಲೆ ಬಂದಾಗ ಅದು ಒಂದು ರಸ ಬಿಟ್ಟು ನಮ್ಮನ್ನ ಬೀಳದ ಹಾಗೆ ಹಿಡಿಯುತ್ತೆ. ಹಸಿವು, ನಿದ್ದೆ, ಸಿಟ್ಟು, ಕೊಬ್ಬು ಎಲ್ಲಿ ಕೂರಬೇಕು ಅನ್ನೋದು, ಎಲ್ಲದರಲ್ಲೂ ಅದರ ಕೈ ಇದೆ. ನೀವು ಕೊಟ್ಟ ಗುಳಿಗೆ ಅಂಥದ್ದೇ, ಅದಕ್ಕಿಂತ ಬಹಳ ಜೋರು. ಹೊರಗಿಂದ ಬರ್ತಿದೆಯಲ್ಲ ಅಂತ ಒಳಗಿಂದು ಕೆಲಸ ಬಿಟ್ಟು ಮಲಗಿತು. ಅದನ್ನ ಎಬ್ಬಿಸದೆ ಒಂದೇ ದಿನ ನಿಲ್ಲಿಸಿಬಿಟ್ರಿ. ಜ್ವರ ಬಂದಾಗ ಮೈಯಲ್ಲಿ ಒಂದು ಹನಿಯೂ ಇರಲಿಲ್ಲ.”

ಕೊಟ್ಟದ್ದು ಒಂದು ತಪ್ಪು, ನಿಲ್ಲಿಸಿದ್ದು ಇನ್ನೊಂದು.

“ಪರೀಕ್ಷೆಗೆ ಮುಂಚೆ ಏನೂ ತಿನ್ನುತ್ತಿರಲಿಲ್ಲ ಡಾಕ್ಟರ್.”

“ಹೆದರಿದ್ದಳು. ಹೆದರಿಕೆ ಕೆಲವರ ಹಸಿವನ್ನ ಮುಚ್ಚುತ್ತೆ, ಕೆಲವರದ್ದನ್ನ ತೆರೆಯುತ್ತೆ. ಪರೀಕ್ಷೆ ಮುಗಿದಿದ್ದರೆ ತಾನೇ ತಿಂತಿದ್ದಳು. ಏನೂ ಬೇಕಿರಲಿಲ್ಲ.”

ಏನೂ ಬೇಕಿರಲಿಲ್ಲ. ತೆಸ್ಲೆಮ್ ಕೂಡ ಅದನ್ನೇ ಹೇಳಿದ್ದಳು, ಜೂನಿನಲ್ಲಿ, ಬೋಗುಣಿ ಹಿಡಿದು.

ಸೆಪ್ಟೆಂಬರ್ ೨, ಶುಕ್ರವಾರ

ಮನೆಗೆ ಬಂದೆವು. ಅದೇ ಜಾತಿಯ ಗುಳಿಗೆ ತಿಂಗಳುಗಟ್ಟಲೆ ಕೊಡಬೇಕು, ಚೂರು ಚೂರೇ ಇಳಿಸುತ್ತ. ಜ್ವರ ಬಂದರೆ ಹೆಚ್ಚಿಸಬೇಕು, ಒಂದು ದಿನವೂ ಬಿಡಬಾರದು. ಹಸಿವು ಮರಳಬಹುದೆಂದು ಡಾಕ್ಟರ್ ಹೇಳಿದ್ದು ಕೇಳಿ ತೆಸ್ಲೆಮ್ ನುಂಗಲು ಒಲ್ಲೆ ಅನ್ನುತ್ತಾಳೆ. “ಮತ್ತೆ ಹಸಿವಾದ್ರೆ? ಬೇಡ. ನನಗೆ ನನ್ನ ಮೇಲೆ ನಂಬಿಕೆ ಇಲ್ಲ.” ಆಯ್ಷೆತು ಕಾಲು ಹಿಡಿದು ಇವತ್ತಿನದನ್ನು ನುಂಗಿಸಿದಳು.

ಹಮ್ಮೂದ್‌ಗೆ ಡಾಕ್ಟರ್ ಹೇಳಿರುವುದು, ಗ್ರಂಥಿಯ ತೊಂದರೆ ಎಂದಷ್ಟೇ. ಹೊರಡುವಾಗ ನನ್ನನ್ನು ಪಕ್ಕಕ್ಕೆ ಕರೆದಳು.

“ಯಾಕೆ ತಗೋಬೇಕು ಅಂತ ಹುಡುಗಿಗೆ ಗೊತ್ತಿಲ್ಲದಿದ್ರೆ ಒಂದಿನ ಬಿಟ್ಟುಬಿಡ್ತಾಳೆ. ಆವತ್ತು ಸಾಯ್ತಾಳೆ. ಭಾನುವಾರ ನಾನು ನೋಡೋಕೆ ಬರ್ತೀನಿ. ಅಷ್ಟರೊಳಗೆ ನೀವು ಹೇಳಿರಬೇಕು. ಇಲ್ಲಾಂದ್ರೆ ನಾನು ಹೇಳ್ತೀನಿ.”

ನನಗೆ ಯಾರೂ ಗಡುವು ಕೊಟ್ಟವರಿಲ್ಲ.

ಹೆಸರು ಹೋಗುತ್ತದೆ. ಮದುವೆಯೂ ಹೋಗಬಹುದು. ತಂಗಿ ನಗುತ್ತಾಳೆ, ನಗಬೇಕು. ಮಗನ ಮುಖ… ಅದನ್ನು ಬರೆಯಲಾರೆ.

ಸೆಪ್ಟೆಂಬರ್ ೩, ಶನಿವಾರ

ಹೇಳಿದೆ.

ಬೆಳಿಗ್ಗೆ ಅವಳ ಹಾಸಿಗೆಯ ಪಕ್ಕ ಕೂತು. ಪೆಟ್ಟಿಗೆಯ ತಳದಿಂದ ಗುಳಿಗೆಯ ಖಾಲಿ ಹಾಳೆ ತೆಗೆದು ಅವಳ ಕೈಗೆ ಕೊಟ್ಟೆ. ನನ್ನ ದನಿ ನನಗೇ ಬೇರೆಯವರದೆನಿಸಿತು. ಹಾಲಿನಲ್ಲಿ ಹಾಕುತ್ತಿದ್ದೆ ಅಂದೆ. ದಿನಕ್ಕೆ ಮೂರು ಅಂದೆ. ಕ್ಷಮಿಸು ಎಂಬ ಮಾತು ಬಾಯಿಗೆ ಬರಲಿಲ್ಲ. ಅಭ್ಯಾಸವಿಲ್ಲ.

ಕೂಗುತ್ತಾಳೆ ಅಂದುಕೊಂಡಿದ್ದೆ. ಹಾಳೆಯ ಗುಳಿಗಳ ಮೇಲೆ ಬೆರಳಾಡಿಸಿದಳು, ಒಂದೊಂದಾಗಿ.

“ಹಾಗಾದ್ರೆ ನಾನು ಹೊಟ್ಟೆಬಾಕಿ ಅಲ್ವಾ?”

“ಅಲ್ಲ.”

“ಲೋಟ ಎಸೆದಿದ್ದು? ಮಾಂಸ ಕದ್ದಿದ್ದು?”

“ನೀನಲ್ಲ. ನಾನು.”

ಆಗ ಅತ್ತಳು. ಮುಖ ಮುಚ್ಚಿಕೊಳ್ಳದೆ, ನನ್ನನ್ನೇ ನೋಡುತ್ತ. ಆ ನೋಟ ಎಷ್ಟು ಹೊತ್ತಿತ್ತೋ. ಆಮೇಲೆ ಮೂಗು ಒರೆಸಿಕೊಂಡು, ಡಾಕ್ಟರ್ ಕೊಟ್ಟ ಗುಳಿಗೆಯನ್ನು ತಾನೇ ಕೇಳಿ ನುಂಗಿದಳು. ನೀರಿನಲ್ಲಿ. ನಾನು ಲೋಟ ಹಿಡಿಯಲು ಹೋದರೆ ಕಿತ್ತುಕೊಂಡಳು.

ಮಧ್ಯಾಹ್ನ

ಹುಡುಗಿ ಹುಷಾರಾದಳೆಂದು ಹೆಂಗಸರು ನೋಡಲು ಬಂದಿದ್ದಾರೆ. ಅಂದು ಟೀಗೆ ಬಂದವರಲ್ಲಿ ಮುಕ್ಕಾಲು ಮಂದಿ. ಹೊರಗೆ ಲಾಲಾಳ ದನಿ. “ಎಲ್ಲಿ ಅಜ್ಜಿ? ಅವರ ಹಾಲಿನ ಗುಟ್ಟು ಕೇಳೋಣ ಅಂತ ಬಂದ್ವಿ!” ಎಲ್ಲರೂ ನಗುತ್ತಿದ್ದಾರೆ.

ನಾನು ಒಳಕೋಣೆಯಲ್ಲಿ, ಈ ಪುಸ್ತಕ ಹಿಡಿದು ಬರೆಯುತ್ತ. ತೆಸ್ಲೆಮ್ ಗೋಡೆ ಹಿಡಿದುಕೊಂಡು ಬಂದು ಬಾಗಿಲಲ್ಲಿ ನಿಂತಳು.

“ಆವತ್ತು ನನ್ನ ಕೈ ಇವರಿಗೆಲ್ಲ ತೋರಿಸಿದ್ರಿ ಅಜ್ಜಿ.”

“ಹೌದು.”

“ನನ್ನೊಬ್ಬಳಿಗೆ ಹೇಳಿದ್ರೆ ಸಾಲದು.”

ಅಷ್ಟೇ ಹೇಳಿ ಅಲ್ಲೇ ನಿಂತಿದ್ದಾಳೆ. ಹೊರಗೆ ಅವಳ ಅಪ್ಪನೂ ಇದ್ದಾನೆ, ಹೊಸ್ತಿಲಾಚೆ, ಗಂಡಸರ ಕಡೆ. ನನ್ನ ದನಿ ಅಲ್ಲಿಯವರೆಗೆ ಕೇಳಿಸುತ್ತದೆ. ಯಾವಾಗಲೂ ಕೇಳಿಸುವಂತೆಯೇ ಮಾತಾಡಿದ್ದೇನೆ.

ಏಳಲು ಕೈ ಕೊಡು ಎಂದು ಆಯ್ಷೆತುವನ್ನು ಕರೆದೆ. ಬಂದಳು. ಅವಳಿಗಿನ್ನೂ ಏನೂ ತಿಳಿಯದು. ಕೈ ಚಾಚಿ, ಬನ್ನಿ ಅತ್ತೆ, ನಿಮಗಾಗಿ ಎಲ್ಲರೂ ಕಾಯ್ತಿದಾರೆ ಅನ್ನುತ್ತಿದ್ದಾಳೆ, ನಗುತ್ತ. ನಾನು ಅವಳ ಮಗಳಿಗೆ ಅರೆದು ಕೊಟ್ಟದ್ದನ್ನು ಎಲ್ಲರೆದುರು ಹೇಳಲು ಪುಸ್ತಕ ಮುಚ್ಚಿ ಏಳುತ್ತಿದ್ದೇನೆ.